ಕೊನೆಗೆ ಎರಡು ಚಮಚ

ಐತಿಹಾಸಿಕ ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಇದುವರೆಗೆ ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಇಪ್ಪತ್ತೆರಡು ವರ್ಷ ಅವುಗಳ ಹಿಂದೆ ನಿಂತು ಈರುಳ್ಳಿ ಹೆಚ್ಚಿದವಳಿಗೆ ಅಷ್ಟು ಹಕ್ಕಿದೆ ಅಂದುಕೊಂಡಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ: ಈ ಚಿತ್ರಗಳಲ್ಲಿ ರಾಜ ಯಾವತ್ತೂ ನುಂಗುವುದಿಲ್ಲ. ತುತ್ತು ಎತ್ತುತ್ತಾನೆ, ಬಾಯಿಯ ಹತ್ತಿರ ತರುತ್ತಾನೆ, ಅಷ್ಟರಲ್ಲಿ ದೂತನೊಬ್ಬ ಏದುಸಿರು ಬಿಡುತ್ತ ಓಡಿಬರುತ್ತಾನೆ. ಕೋಟೆ ಬಿತ್ತು, ತಮ್ಮ ಕೈಕೊಟ್ಟ, ಇಲ್ಲವೇ ಮಗ ಶತ್ರುಗಳ ಪಾಲಾದ. ರಾಜ ಎದ್ದು ತಟ್ಟೆ ಒದೆಯುತ್ತಾನೆ. ನಾನು ಹನ್ನೊಂದು ರಾಜರಿಗೆ ಬಡಿಸಿದ್ದೇನೆ, ಊಟ ಮುಗಿಸಿ ಕೈ ತೊಳೆದವನು ಒಬ್ಬನೂ ಇಲ್ಲ. ಇಂಥ ಕಥೆ ಬರೆಯುವವರಿಗೆಲ್ಲ ಮನೆಯಲ್ಲಿ ಹೊತ್ತುಹೊತ್ತಿಗೆ ಯಾರೋ ತಟ್ಟೆ ತಂದು ಮುಂದಿಡುತ್ತಾರೆ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಒಂದು ಒದೆತಕ್ಕೆ ಏಳು ಸಲ ಚಿತ್ರೀಕರಣ. ಅಂದರೆ ಏಳು ತಟ್ಟೆ. ಏಳರಲ್ಲೂ ಮಾಂಸದ ತುಂಡು ಒಂದೇ ಕಡೆ ವಾಲಿರಬೇಕು, ಈರುಳ್ಳಿ ಒಂದೇ ಬಣ್ಣಕ್ಕೆ ಕಂದಿರಬೇಕು. ಅದು ನನ್ನ ಕೆಲಸ. ಸೆಟ್ಟಿನ ಹಿಂದೆ ತಗಡಿನ ಮಾಡಿನ ಒಂದು ಕೊಠಡಿ, ನಾಲ್ಕು ಒಲೆ, ಒಂದು ಉದ್ದನೆಯ ಮೇಜು. ಅಲ್ಲಿ ನಿಂತು ನಾನು ಕ್ಯಾಮೆರಾದ ಕಣ್ಣಿಗೆ ಅಡುಗೆ ಮಾಡುತ್ತೇನೆ. ಎಲ್ಲರೂ ನನ್ನನ್ನು ಪಾತ್ರೆ ಅಕ್ಕ ಎಂದು ಕರೆಯುತ್ತಾರೆ. ನನಗೆ ಬೇರೊಂದು ಹೆಸರಿದೆ ಅನ್ನುವುದು ಅಲ್ಲಿ ಹಾಜರಿ ಬರೆಯುವವನಿಗೆ ಮಾತ್ರ ಗೊತ್ತು.

ಕ್ಯಾಮೆರಾದ ಅಡುಗೆ ಬೇರೆ, ಬಾಯಿಯ ಅಡುಗೆ ಬೇರೆ. ತರಕಾರಿ ಮುಕ್ಕಾಲು ಪಾಲು ಮಾತ್ರ ಬೇಯಬೇಕು, ಪೂರ್ತಿ ಬೆಂದರೆ ದೀಪದ ಶಾಖಕ್ಕೆ ಕುಸಿದು ಹೋಗುತ್ತದೆ. ಉಪ್ಪು ಹಾಕುವಂತಿಲ್ಲ, ನೀರು ಬಿಡುತ್ತದೆ. ಮೇಲೆ ಎಣ್ಣೆ ಸವರಬೇಕು, ಹೊಳೆಯಲಿ ಎಂದು. ಎಲ್ಲಕ್ಕಿಂತ ಕೊನೆಗೆ, ಯಾರೂ ತಿನ್ನದ ಹಾಗೆ ಮಾಡಬೇಕು. ಹೊರಗಿನವರಿಗೆ ಗೊತ್ತಿಲ್ಲದ ಸಂಗತಿ ಇದು. ಬೆಳಗ್ಗೆ ಆರಕ್ಕೇ ಬಂದು ಸೈನಿಕರ ವೇಷ ಹಾಕಿಕೊಂಡು ನಿಂತವರ ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಎರಡು ದೃಶ್ಯಗಳ ನಡುವೆ ತಟ್ಟೆಯಿಂದ ಒಂದು ತುಂಡು ಮಾಯವಾದರೆ ಅಷ್ಟು ಹೊತ್ತಿನ ಕೆಲಸವೆಲ್ಲ ನೀರುಪಾಲು. ಬೇರೆ ಕಡೆ ಸೀಮೆಎಣ್ಣೆ ಚಿಮುಕಿಸುತ್ತಾರೆ. ನಾನು ಕಲಿತದ್ದೂ ಹಾಗೆಯೇ. ಆದರೆ ಒಂದು ಸಲ ಭರ್ಜಿ ಹಿಡಿದು ನಿಂತಿದ್ದ ಮುದುಕನೊಬ್ಬ ವಾಸನೆಯನ್ನೂ ಲೆಕ್ಕಿಸದೆ ತಿಂದು ಎರಡು ದಿನ ವಾಂತಿ ಮಾಡಿಕೊಂಡ. ಆವತ್ತಿನಿಂದ ನಾನು ಸೀಮೆಎಣ್ಣೆ ಮುಟ್ಟಲಿಲ್ಲ. ಹೊಟ್ಟೆಹುಳಕ್ಕೆಂದು ಔಷಧಿ ಅಂಗಡಿಯಲ್ಲಿ ಮಾರುತ್ತಾರಲ್ಲ, ಕಹಿ ಬೇರಿನ ಪುಡಿ, ಅದನ್ನು ತಂದಿಟ್ಟುಕೊಂಡೆ. ಒಂದು ಪಾತ್ರೆಗೆ ಎರಡು ಚಮಚ ಬೆರೆಸಿದರೆ ಸಾಕು. ಒಮ್ಮೆ ನಾಲಿಗೆಗೆ ಇಟ್ಟವನು ಮತ್ತೆ ಕೈ ಹಾಕುವುದಿಲ್ಲ, ಆದರೆ ಯಾರ ಆರೋಗ್ಯವೂ ಕೆಡುವುದಿಲ್ಲ.

ಇದನ್ನೆಲ್ಲ ಒಂದು ದಪ್ಪ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೆ. ಯಾವ ರಾಜನಿಗೆ ಏನು ಬಡಿಸಿದೆ, ಎಷ್ಟು ಹೊತ್ತು ಬೇಯಿಸಿದೆ, ಬಣ್ಣಕ್ಕೆ ಏನು ಹಾಕಿದೆ, ಎಲ್ಲ. ಪ್ರತಿ ಅಡುಗೆಯ ಕೆಳಗೂ ಕೊನೆಯ ಸಾಲು ಒಂದೇ: ಕೊನೆಗೆ ಕಹಿ, ಎರಡು ಚಮಚ. ಏಕೆ ಎಂದು ಬರೆದಿರಲಿಲ್ಲ. ನಾನು ನನಗಾಗಿ ಬರೆದುಕೊಂಡದ್ದು, ನನಗೆ ಗೊತ್ತಿತ್ತು.

ಇನ್ನು ನನ್ನ ತಂಗಿ. ನನಗಿಂತ ಏಳು ವರ್ಷಕ್ಕೆ ಚಿಕ್ಕವಳು. ಅಭಿಪ್ರಾಯ ಹೇಳುವುದೇ ಅವಳ ಉದ್ಯೋಗ. ಭಾನುವಾರದ ಪತ್ರಿಕೆಯಲ್ಲಿ ಅವಳ ಫೋಟೊ ಹಾಕಿ, ಕೆಳಗೆ ಐತಿಹಾಸಿಕ ಚಿತ್ರಗಳ ಬಗ್ಗೆ ಅವಳು ಬರೆದದ್ದನ್ನು ಅಚ್ಚು ಹಾಕುತ್ತಾರೆ. ಚೆನ್ನಾಗಿ ಬರೆಯುತ್ತಾಳೆ, ಅದನ್ನು ಇಲ್ಲವೆನ್ನಲಾರೆ. ಯುದ್ಧ ಮುಗಿಸಿ ಬಂದ ಸೇನಾಪತಿಯ ಅಂಗಿಗೆ ಇಸ್ತ್ರಿ ಮಾಡಿದವರು ಯಾರು ಎಂದು ಒಮ್ಮೆ ಕೇಳಿದ್ದಳು. ಸಾವಿರ ವರ್ಷದ ಹಿಂದಿನ ದಾಸಿಯ ಹುಬ್ಬು ಇಷ್ಟು ನೀಟಾಗಿ ಇರಲು ಸಾಧ್ಯವೇ ಎಂದು ಮತ್ತೊಮ್ಮೆ. ಓದಿ ನಾನೂ ನಕ್ಕಿದ್ದೇನೆ. ಆದರೆ ಆರು ವರ್ಷದ ಹಿಂದೆ ಒಂದು ಚಿತ್ರದ ಔತಣದ ದೃಶ್ಯದಲ್ಲಿ ಟೊಮ್ಯಾಟೊ ಕಂಡಿತೆಂದು ಅರ್ಧ ಪುಟ ಬರೆದಳು. ಆ ಕಾಲದಲ್ಲಿ ಆ ಹಣ್ಣೇ ಆ ನೆಲಕ್ಕೆ ಬಂದಿರಲಿಲ್ಲವಂತೆ. "ಅಡುಗೆಮನೆಯ ಮೇಲ್ವಿಚಾರಕರನ್ನು ಮೊದಲು ಶಾಲೆಗೆ ಕಳಿಸಬೇಕು" ಎಂದು ಕೊನೆಗೆ ಒಂದು ಸಾಲು. ತಟ್ಟೆಯಲ್ಲಿ ಕೆಂಪು ಬೇಕು ಎಂದು ಹಟ ಹಿಡಿದವನು ನಿರ್ದೇಶಕ. ಅಲ್ಲಿ ಅಡುಗೆ ಮಾಡಿದವಳು ಅವಳ ಅಕ್ಕ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಅಯ್ಯೋ ಅಕ್ಕ, ಅದು ಬರವಣಿಗೆಗೆ ಅಂತ ಹೇಳಿದ್ದು, ನಿನ್ನ ಬಗ್ಗೆ ಅಲ್ಲ," ಅಂದಳು.

ಅಮ್ಮ ಆ ಅರ್ಧ ಪುಟವನ್ನು ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿದಳು. "ನೋಡು, ಎಷ್ಟು ಚೆನ್ನಾಗಿ ಬರ್ದಿದ್ದಾಳೆ ಪುಟ್ಟಿ," ಎಂದು ನನಗೇ ಓದಿ ಹೇಳಿದಳು.

ಅಮ್ಮನ ವಿಷಯ ಸ್ವಲ್ಪ ಹೇಳಬೇಕು. ಮೂವತ್ತೊಂದು ವರ್ಷ ಒಂದು ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಪುಸ್ತಕ ಹೊಲಿದವಳು ಅವಳು. ಹಾಳೆ ಮಡಿಸಿ ಮಡಿಸಿ ಬಲಗೈ ಹೆಬ್ಬೆರಳು ಈಗಲೂ ಕಲ್ಲಿನ ಹಾಗೆ ಗಟ್ಟಿ. ಸಾವಿರಾರು ಪುಸ್ತಕ ಅವಳ ಕೈಯಿಂದ ದಾಟಿ ಹೋದವು, ಒಂದರ ಮೇಲೂ ನಮ್ಮ ಮನೆಯ ಹೆಸರಿರಲಿಲ್ಲ. ಅಚ್ಚಾದ ಮಾತೆಂದರೆ ಅವಳಿಗೆ ಕಲ್ಲಿನಲ್ಲಿ ಕೊರೆದಂತೆ. ಹೊಸ ಪುಸ್ತಕ ಕೈಗೆ ಬಂದರೆ ಮೊದಲು ನಡುವೆ ಬಿಡಿಸಿ ದಾರ ಎಳೆದು ನೋಡುತ್ತಾಳೆ, ಆಮೇಲೆ ಅಂಟಿನ ವಾಸನೆ ಮೂಸುತ್ತಾಳೆ, ಕೊನೆಗೆ ಹೊದಿಕೆಯ ಮೇಲೆ ಬರೆದವರ ಹೆಸರಿನ ಮೇಲೆ ಆ ಹೆಬ್ಬೆರಳನ್ನು ಮೆಲ್ಲಗೆ ಎಳೆಯುತ್ತಾಳೆ. ಚಿಕ್ಕಂದಿನಿಂದ ನೋಡಿದ್ದೇನೆ. ಆ ಬೆರಳು ಒಂದು ದಿನ ನನ್ನ ಹೆಸರಿನ ಮೇಲೆ ಹರಿಯಬೇಕು ಎಂದು ನನಗೆ ಆಸೆ ಹುಟ್ಟಿದ್ದರೆ ಅದರಲ್ಲಿ ಅತಿಯಾದದ್ದು ಏನೂ ಇಲ್ಲ ಅನ್ನಿಸುತ್ತದೆ.

ಅಮ್ಮ ಇರುವುದು ನನ್ನ ಜೊತೆ. ದಿನಕ್ಕೆರಡು ಹೊತ್ತು ಅವಳಿಗೆ ಬೇಯಿಸಿ ಹಾಕುವವಳು ನಾನು. ಮೊದಲ ತುತ್ತು ನುಂಗಿ, ತಲೆ ಒಂಚೂರು ಓರೆ ಮಾಡಿ, "ಏನೋ ಕಮ್ಮಿ ಆಗಿದೆ," ಅನ್ನುವುದು ಅವಳ ಪದ್ಧತಿ. ಒಂದು ದಿನ ಉಪ್ಪು ಕಮ್ಮಿ, ಒಂದು ದಿನ ಹುಳಿ ಕಮ್ಮಿ. ಎರಡೂ ಸರಿ ಇದ್ದ ದಿನ ಬಿಸಿ ಕಮ್ಮಿ. ಬೈಯುವುದಿಲ್ಲ, ಮುಖ ಗಂಟಿಕ್ಕುವುದಿಲ್ಲ, ಊಟ ಪೂರ್ತಿ ಮಾಡುತ್ತಾಳೆ. ಆದರೆ ಏನೂ ಕಮ್ಮಿ ಇಲ್ಲ ಎಂದು ಒಂದು ದಿನವೂ ಅಂದವಳಲ್ಲ. ತಂಗಿ ತಿಂಗಳಿಗೊಮ್ಮೆ ಬಂದು ಅಂಗಡಿಯ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟರೆ, "ಪುಟ್ಟಿ ಕೈಯಲ್ಲಿ ಏನೋ ಇದೆ," ಅನ್ನುತ್ತಾಳೆ.

ಕಳೆದ ವರ್ಷ ನಾವು ಮಾಡಿದ ಒಂದು ಚಿತ್ರ ಭಾರೀ ಹೆಸರು ಮಾಡಿತು. ಅದರಲ್ಲಿ ಸೆರೆಯಲ್ಲಿದ್ದ ರಾಣಿಗೆ ಒಂದು ಹೊತ್ತಿನ ಊಟ ಕೊಡುವ ದೃಶ್ಯವಿದೆ. ಸುಟ್ಟ ಈರುಳ್ಳಿ, ಮೆಣಸು, ಹಾಲಿನ ಕೆನೆ ಹಾಕಿ ಬೇಯಿಸಿದ ಕುಂಬಳಕಾಯಿ. ರಾಣಿಯೂ ನುಂಗಲಿಲ್ಲ, ಅದು ಬೇರೆ ಮಾತು. ಆದರೆ ಕ್ಯಾಮೆರಾ ಆ ಬಟ್ಟಲಿನ ಮೇಲೆ ಅರ್ಧ ನಿಮಿಷ ನಿಂತಿತು. ಜನ ಅದನ್ನೇ ಮಾತಾಡಿದರು. ಪ್ರಕಾಶಕರೊಬ್ಬರು ತಂಗಿಯ ಹತ್ತಿರ ಬಂದು ಪುಸ್ತಕವೊಂದನ್ನು ಕೇಳಿದರು. ಅರ್ಧ ಐತಿಹಾಸಿಕ ಚಿತ್ರಗಳ ಬಗ್ಗೆ ಅವಳ ಅಭಿಪ್ರಾಯ, ಅರ್ಧ ಆ ಚಿತ್ರಗಳಲ್ಲಿ ಕಂಡ ಅಡುಗೆ.

ಅವಳು ನಮ್ಮ ಮನೆಗೆ ಬಂದು, ಅಮ್ಮ ಸ್ನಾನಕ್ಕೆ ಹೋದಾಗ, ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕ, ನಿನ್ನ ನೋಟುಪುಸ್ತಕ ಕೊಡು. ಇಬ್ಬರ ಹೆಸರೂ ಹಾಕೋಣ. ಮೇಲೆ ನಂದು, ಕೆಳಗೆ ನಿಂದು. ಅಮ್ಮನಿಗೆ ಎಷ್ಟು ಖುಷಿಯಾಗುತ್ತೆ ಯೋಚನೆ ಮಾಡು."

"ಅದು ಕ್ಯಾಮೆರಾಗೆ ಬರ್ದಿರೋದು ಕಣೆ. ತಿನ್ನೋಕಲ್ಲ. ಅಚ್ಚು ಹಾಕೋ ಮುಂಚೆ ಒಂದು ವಾರ ನನ್ನ ಜೊತೆ ಕೂತ್ಕೊ, ಒಂದೊಂದೂ ಮಾಡಿ ತೋರಿಸ್ತೀನಿ."

"ಖಂಡಿತ ಕೂತ್ಕೋತೀನಿ," ಅಂದಳು.

ನೋಟುಪುಸ್ತಕ ತೆಗೆದುಕೊಂಡು ಹೋದಳು, ಕೂರಲಿಲ್ಲ. ಎರಡು ಸಲ ಫೋನು ಮಾಡಿದೆ, ಎರಡು ಸಲವೂ ಬ್ಯುಸಿ. ಮೂರನೆಯ ಸಲ ಮಾಡಲಿಲ್ಲ. ಕರೆಯದ ಮನೆಗೆ ಮತ್ತೆ ಮತ್ತೆ ಹೋಗಿ ಬಾಗಿಲು ತಟ್ಟುವುದು ನನ್ನ ಜಾಯಮಾನವಲ್ಲ.

ನಾಲ್ಕು ತಿಂಗಳ ನಂತರ ಒಂದು ಮಧ್ಯಾಹ್ನ ಅವಳೇ ಸೆಟ್ಟಿಗೆ ಬಂದಳು. ನಾನು ಒಂದು ಪಟ್ಟಾಭಿಷೇಕಕ್ಕೆ ಅರವತ್ತು ತಟ್ಟೆ ಜೋಡಿಸುತ್ತಿದ್ದೆ. ಈರುಳ್ಳಿ ಹೊಗೆಗೆ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತು ಒಂದು ಕಾಗದದ ಕಟ್ಟು ಚಾಚಿದಳು. "ಕರಡು ಪ್ರತಿ. ತಪ್ಪೇನಾದ್ರೂ ಇದ್ರೆ ನಾಲ್ಕು ಗಂಟೆಯೊಳಗೆ ಹೇಳ್ಬಿಡು ಅಕ್ಕ, ನಾಳೆ ಅಚ್ಚಿಗೆ ಹೋಗುತ್ತೆ." ಕಾರು ಚಾಲೂ ಇಟ್ಟುಕೊಂಡೇ ಬಂದಿದ್ದಳು.

ಕೈ ತೊಳೆದು, ತರಕಾರಿ ಪೆಟ್ಟಿಗೆಯೊಂದನ್ನು ಕವುಚಿ ಹಾಕಿ ಕೂತೆ. ಮೊದಲು ಹೊದಿಕೆ ನೋಡಿದೆ. "ಸಿಂಹಾಸನದ ಪಕ್ಕದ ಅಡುಗೆಮನೆ" ಎಂದು ದೊಡ್ಡದಾಗಿ. ಕೆಳಗೆ ಅವಳ ಹೆಸರು. ಅದರ ಕೆಳಗೆ ಏನೂ ಇರಲಿಲ್ಲ. ಒಳಪುಟ ತಿರುವಿದೆ, ಅಲ್ಲೂ ಅವಳದೇ. ಹಿಂಬದಿಯಲ್ಲಿ ಅವಳ ಫೋಟೊ, ಕೈಯಲ್ಲಿ ಸೌಟು. ಆ ಸೌಟು ಹಿಡಿದ ರೀತಿ ನೋಡಿದರೇ ಗೊತ್ತಾಗುತ್ತಿತ್ತು ಅವಳಿಗೂ ಅದಕ್ಕೂ ಅಷ್ಟಕ್ಕಷ್ಟೇ ಎಂದು. ಕೊನೆಗೆ ಕೃತಜ್ಞತೆಯ ಪುಟದಲ್ಲಿ ನಾನು ಸಿಕ್ಕಿದೆ. ಪ್ರಕಾಶಕರು, ಸಂಪಾದಕರು, ಫೋಟೊ ತೆಗೆದವರು, ಅವಳ ಕಂಪ್ಯೂಟರು ರಿಪೇರಿ ಮಾಡಿದವನು, ಇವರೆಲ್ಲರಿಗೂ ಹೆಸರಿತ್ತು. ಅವರಾದ ಮೇಲೆ, "ಹಾಗೂ ಅಡುಗೆಮನೆಯ ಸಣ್ಣಪುಟ್ಟ ವಿಷಯಗಳಲ್ಲಿ ನೆರವಾದ ನನ್ನ ಅಕ್ಕನಿಗೆ."

ಸಣ್ಣಪುಟ್ಟ. ಅದನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಹೊರಗಡೆ ಯಾರೋ ಪಟ್ಟಾಭಿಷೇಕದ ತಟ್ಟೆ ಎಲ್ಲಿ ಎಂದು ಕೂಗುತ್ತಿದ್ದರು.

ಆಮೇಲೆ ಅಡುಗೆಯ ಪುಟಗಳಿಗೆ ಬಂದೆ. ನನ್ನ ನೋಟುಪುಸ್ತಕವೇ, ಅಕ್ಷರ ಮಾತ್ರ ದುಂಡಗಾಗಿತ್ತು. ಉಪ್ಪು ಇಲ್ಲದ ಕಡೆ "ರುಚಿಗೆ ತಕ್ಕಷ್ಟು ಉಪ್ಪು" ಎಂದು ಅವಳು ಸೇರಿಸಿದ್ದಳು, ಅಷ್ಟೇ. ಪ್ರತಿಯೊಂದರ ಕೆಳಗೂ ಆ ಸಾಲು ಹಾಗೇ ಕೂತಿತ್ತು: ಕೊನೆಗೆ ಕಹಿ ಬೇರಿನ ಪುಡಿ, ಎರಡು ಚಮಚ. ಬೇರಿನ ಪುಡಿ ಎಂಬುದನ್ನು ಎಂದೋ ನನ್ನ ಬಾಯಿಂದ ಕೇಳಿಸಿಕೊಂಡು ನೆನಪಿಟ್ಟಿದ್ದಳು. ಸಾಲದ್ದಕ್ಕೆ ಅದರ ಬಗ್ಗೆ ಎಂಟು ಪುಟದ ಒಂದು ಲೇಖನ. ಹಿಂದಿನ ಅರಸರು ಪ್ರತಿ ಊಟವನ್ನೂ ಕಹಿಯಿಂದ ಮುಗಿಸುತ್ತಿದ್ದರು, ನಾಲಿಗೆ ಸಿಹಿಗೆ ಸೋತರೆ ಮನಸ್ಸು ಹೊಗಳುಭಟರಿಗೆ ಸೋಲುತ್ತದೆ ಎಂದು ಅವರು ನಂಬಿದ್ದರು, ನಮ್ಮ ಐತಿಹಾಸಿಕ ಚಿತ್ರಗಳ ನಿರ್ದೇಶಕರಿಗೆ ಈ ಸೂಕ್ಷ್ಮ ತಿಳಿಯದು, ಅವರ ಚಿತ್ರಗಳು ಅದಕ್ಕೇ ಸಪ್ಪೆ. ಹೀಗೆ ಸಾಗಿತ್ತು. ಒಂದು ಟೊಮ್ಯಾಟೊಗೆ ನನ್ನನ್ನು ಶಾಲೆಗೆ ಕಳಿಸಿದವಳು, ಹೊಟ್ಟೆಹುಳದ ಔಷಧಿಯನ್ನು ಅರಮನೆಗೆ ಹೊತ್ತುಕೊಂಡು ಹೋಗಿದ್ದಳು.

ನಗು ಬಂತು. ಒಬ್ಬಳೇ ಪೆಟ್ಟಿಗೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಸರಿಯಾಗಿ ನಾಲ್ಕಕ್ಕೆ ಫೋನು ಬಂತು.

"ಅಕ್ಕ, ನೋಡಿದ್ಯಾ? ಹೆಸರಿನ ವಿಷ್ಯ ಬೇಜಾರು ಮಾಡ್ಕೋಬೇಡ. ಒಂದೇ ಹೆಸರಿದ್ರೆ ಹೊದಿಕೆ ಚೆನ್ನಾಗಿ ಕಾಣುತ್ತೆ ಅಂದ್ರು ಪ್ರಕಾಶಕರು. ನಾನೇನು ಮಾಡ್ಲಿ?"

"ಪರವಾಗಿಲ್ಲ," ಅಂದೆ.

"ಅಡುಗೆ ಭಾಗ? ತಪ್ಪೇನಾದ್ರೂ ಇದ್ಯಾ?"

ಎದುರಿಗೆ ಅರವತ್ತು ತಟ್ಟೆ. ಕೈಯಲ್ಲಿ ಕಹಿ ಪುಡಿಯ ಡಬ್ಬಿ. ಒಂದು ಮಾತು ಹೇಳಿದರೆ ಮುಗಿದುಹೋಗುತ್ತಿತ್ತು. ಯಾರಿಗೂ ಹೊಟ್ಟೆ ಕೆಡುವುದಿಲ್ಲ, ಮುಖ ಕಿವುಚಿಕೊಳ್ಳುತ್ತಾರೆ, ಅಷ್ಟೇ ತಾನೆ, ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ವಾರ ಸಾಕು. ಅವಳನ್ನು ಊರೆಲ್ಲ ಆಡಿಕೊಳ್ಳಲಿ. ಸೌಟು ಹಿಡಿದು ಫೋಟೊ ತೆಗೆಸಿಕೊಂಡವಳು ಉತ್ತರ ಹೇಳಲಿ. ಆಮೇಲೆ ಅಮ್ಮ ನನ್ನ ಕಡೆ ತಿರುಗಿ, ಪುಟ್ಟಿ ನಿನ್ನನ್ನು ಕೇಳಬೇಕಿತ್ತು, ಅನ್ನಲಿ. ಅಷ್ಟು ದೂರ ಯೋಚಿಸಿಬಿಟ್ಟೆ.

"ಏನೂ ಇಲ್ಲ. ಎಲ್ಲ ಸರಿಯಾಗಿದೆ," ಅಂದೆ.

ಪುಸ್ತಕ ಬಿಡುಗಡೆಯ ದಿನ ಅಡುಗೆ ಮಾಡಲು ಕರೆದದ್ದು ನನ್ನನ್ನೇ. ಬಂದವರಿಗೆಲ್ಲ ರಾಣಿಯ ಕುಂಬಳಕಾಯಿಯನ್ನು ಪುಟ್ಟ ಕಾಗದದ ಬಟ್ಟಲಲ್ಲಿ ಕೊಡಬೇಕೆಂದು ಯೋಜನೆ. ಸಭಾಂಗಣದ ಹಿಂದಿನ ಕೋಣೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಸಾಲು ಬಿಡದೆ ಮಾಡಿದೆ. ಮುಕ್ಕಾಲು ಬೇಯಿಸಿದೆ. ಎಣ್ಣೆ ಸವರಿದೆ. ಕೊನೆಗೆ ಒಂದೊಂದು ಪಾತ್ರೆಗೂ ಎರಡೆರಡು ಚಮಚ, ಚಮಚದ ತಲೆ ಸವರಿ, ಅಳತೆ ಹೆಚ್ಚೂ ಆಗದ ಹಾಗೆ, ಕಡಿಮೆಯೂ ಆಗದ ಹಾಗೆ.

ಬಾಗಿಲ ಸಂದಿಯಿಂದ ನೋಡುತ್ತ ನಿಂತೆ. ಮೊದಲ ಸಾಲಿನಲ್ಲಿ ಅಮ್ಮ, ಅವಳ ಪಕ್ಕ ಮುಖ್ಯ ಅತಿಥಿ. ಅವನು ಏಳೆಂಟು ಚಿತ್ರಗಳಲ್ಲಿ ರಾಜನಾಗಿ, ಮೂರರಲ್ಲಿ ನನ್ನದೇ ತಟ್ಟೆ ಒದ್ದ ಹಿರಿಯ ನಟ. ಮೂರನೆಯ ಸಾಲಿನ ಹೆಂಗಸೊಬ್ಬಳು ಮೊದಲು ಬಾಯಿಗಿಟ್ಟಳು. ಅವಳ ಮುಖ ಹಿಂಡಿದ ಬಟ್ಟೆಯ ಹಾಗಾಯಿತು. ಪಕ್ಕದವರನ್ನು ನೋಡಿದಳು. ಪಕ್ಕದವರು ಇನ್ನೊಬ್ಬರನ್ನು ನೋಡಿದರು. ಈಗ ಆಯಿತು, ಈಗ ಯಾರಾದರೂ ಉಗುಳುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಆ ನಟ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ಸೆಟ್ಟಿನಲ್ಲಿ ಸಾಯುವಾಗ ಬಳಸುವ ದನಿಯಲ್ಲಿ, "ಆಹಾ! ಇದು ಇತಿಹಾಸದ ರುಚಿ," ಅಂದ. ಸಭೆಗೆ ಸಭೆಯೇ ತಲೆದೂಗಿತು. ಮುಖ ಕಿವುಚಿದ ಹೆಂಗಸು ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದಳು. ಆ ಮನುಷ್ಯ ಜೀವನದಲ್ಲಿ ಮೊದಲ ಸಲ ನನ್ನ ಅಡುಗೆ ನುಂಗಿದ್ದ, ಅದೂ ಇದನ್ನು.

ತಂಗಿ ವೇದಿಕೆಯ ಮೇಲೆ ತನ್ನ ಬಟ್ಟಲಿನಿಂದ ಒಂದು ಚಮಚ ತಿಂದಳು. ಅವಳು ಅದನ್ನು ತಿಂದದ್ದು ಅದೇ ಮೊದಲು. ಅವಳ ಕಣ್ಣು ನೇರವಾಗಿ ನನ್ನ ಬಾಗಿಲಿಗೆ ಬಂದು ನಿಂತಿತು. ಚಿಕ್ಕಂದಿನಲ್ಲಿ ಇಬ್ಬರೂ ಸೇರಿ ಏನಾದರೂ ಒಡೆದಾಗ ಹೀಗೇ ನೋಡುತ್ತಿದ್ದಳು. ಮರುಕ್ಷಣ ಮೈಕಿನ ಕಡೆ ತಿರುಗಿ ಕಹಿಯ ಮಹತ್ವದ ಬಗ್ಗೆ ಹತ್ತು ನಿಮಿಷ ಮಾತಾಡಿದಳು. ಒಂದು ಸಲವೂ ತಡವರಿಸಲಿಲ್ಲ.

ಚಪ್ಪಾಳೆಯ ನಡುವೆ ಹಿಂದಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು.

"ಇದು ಹೀಗೇ ಇರ್ಬೇಕಾ ಅಕ್ಕ?"

"ಪುಸ್ತಕದಲ್ಲಿ ಹೀಗೇ ಇದೆ."

"ನಾನು ಕೇಳ್ದಾಗ ಹೇಳ್ಬಹುದಿತ್ತಲ್ಲ."

"ನೀನೂ ಹೊದಿಕೆ ಮೇಲೆ ನನ್ನ ಹೆಸರು ಹಾಕ್ಬಹುದಿತ್ತಲ್ಲ."

ಅವಳು ಕನ್ನಡಿಯಲ್ಲಿ ತುಟಿಯ ಬಣ್ಣ ಸರಿ ಮಾಡಿಕೊಂಡು, ಸಹಿ ಹಾಕಿಸಿಕೊಳ್ಳಲು ಕಾಯುತ್ತಿದ್ದವರ ಹತ್ತಿರ ಹೋದಳು. ನಾನು ಹೊರಗೆ ಬಂದಾಗ ಅಮ್ಮ ಪುಸ್ತಕ ಹಿಡಿದು ಕೂತಿದ್ದಳು. ನಡುವೆ ಬಿಡಿಸಿ ದಾರ ಎಳೆದಳು. ಮೂಸಿದಳು. ಆಮೇಲೆ ಹೆಬ್ಬೆರಳನ್ನು ಹೊದಿಕೆಯ ಮೇಲೆ ಇಟ್ಟು, ಆ ಹೆಸರಿನ ಮೇಲೆ ಎಡದಿಂದ ಬಲಕ್ಕೆ ಎಳೆದು, ಮತ್ತೆ ಎಡದಿಂದ ಬಲಕ್ಕೆ ಎಳೆದಳು. ತಂಗಿಯ ಮೇಲೆ ನನಗಿದ್ದ ಸಿಟ್ಟು ಆವರೆಗೆ ಹೊದಿಕೆಯ ಹೆಸರಿಗಾಗಿ, ಆಮೇಲೆ ಆ ಬೆರಳಿಗಾಗಿ.

ಅಮ್ಮ ನನ್ನನ್ನು ನೋಡಿ ಕೃತಜ್ಞತೆಯ ಪುಟ ತೆರೆದು ತೋರಿಸಿದಳು. "ಪುಟ್ಟಿ ನಿನ್ನನ್ನೂ ನೆನೆಸ್ಕೊಂಡಿದ್ದಾಳೆ ನೋಡು. ಮರ್ತಿಲ್ಲ." ಅವಳ ಕಾಲ ಬಳಿ ಕಾಗದದ ಬಟ್ಟಲಿತ್ತು, ಒಂದು ಚೂರೂ ಉಳಿದಿರಲಿಲ್ಲ.

ನಾನು ಕಾದ ಒಂದು ವಾರ ಬಂತು, ಹೋಯಿತು. ಯಾರೂ ಆಡಿಕೊಳ್ಳಲಿಲ್ಲ. ಪತ್ರಿಕೆಗಳು ಹೊಗಳಿದವು. ಒಬ್ಬ ಓದುಗ, ಮೊದಲ ಸಲ ತಿಂದಾಗ ಅತ್ತುಬಿಟ್ಟೆ, ನಮ್ಮ ಪೂರ್ವಿಕರ ನೋವು ನಾಲಿಗೆಗೆ ತಾಗಿತು, ಎಂದು ಬರೆದ. ಔಷಧಿ ಅಂಗಡಿಯಲ್ಲಿ ನನ್ನ ಪುಡಿ ಸಿಗುವುದೇ ಕಷ್ಟವಾಯಿತು. ನಮ್ಮ ನಿರ್ದೇಶಕ ಮುಂದಿನ ಚಿತ್ರಕ್ಕೆ ಹೊಸ ದೃಶ್ಯ ಬರೆಸಿಕೊಂಡು ಬಂದ. ರಾಜ ತುತ್ತು ಎತ್ತುತ್ತಾನೆ, ಮೂಸುತ್ತಾನೆ, "ಕಹಿ ಎಲ್ಲಿ?" ಎಂದು ಗುಡುಗಿ ತಟ್ಟೆ ಒದೆಯುತ್ತಾನೆ. ಚಿನ್ನದ ಡಬ್ಬಿಯಿಂದ ಕಹಿ ಉದುರಿಸುವುದು ಕ್ಯಾಮೆರಾಗೆ ಕಾಣಬೇಕಂತೆ.

ನಾನು ಬಾಯಿ ಬಿಟ್ಟೆ. "ಅದು ಯಾವ ರಾಜನದೂ ಅಲ್ಲ ಸಾರ್. ನಿಮ್ಮ ಸೈನಿಕರು ತಿನ್ಬಾರದು ಅಂತ ನಾನು ಹಾಕ್ತಿದ್ದದ್ದು. ಇದೇ ಡಬ್ಬಿ, ನೋಡಿ."

ಅವನು ನಕ್ಕು ನನ್ನ ಭುಜ ತಟ್ಟಿದ. "ಪಾತ್ರೆ ಅಕ್ಕ, ಒಂದ್ಸಲ ಪುಸ್ತಕ ಓದಿ. ಎಂಟು ಪುಟ ಇದೆ ಅದರ ಬಗ್ಗೆ. ಗೊತ್ತಿಲ್ದೆ ಮಾತಾಡ್ಬಾರದು."

ಮನೆಯಲ್ಲಿ ಅಮ್ಮನಿಗೆ ಪ್ರತಿ ಭಾನುವಾರ ಪುಟ್ಟಿಯ ಪುಸ್ತಕದ ಕುಂಬಳಕಾಯಿಯೇ ಆಗಬೇಕು. ಮೊದಲೆರಡು ವಾರ ಕೆಲಸದ ನೆಪ ಹೇಳಿ ಜಾರಿಕೊಂಡೆ. ಮೂರನೆಯ ವಾರ ತಪ್ಪಿಸಿಕೊಳ್ಳಲು ಆಗಲಿಲ್ಲ. ಆವತ್ತು ಒಂದು ನಿರ್ಧಾರ ಮಾಡಿದೆ. ಇಪ್ಪತ್ತೆರಡು ವರ್ಷ ಕಣ್ಣಿಗೆ ಮಾಡಿದ್ದನ್ನು ಒಂದು ದಿನ ಬಾಯಿಗೆ ಮಾಡುತ್ತೇನೆ. ಎಳೆಯದಲ್ಲದ, ಬಲಿತು ಸಿಹಿಯಾದ ಕುಂಬಳಕಾಯಿ ಆರಿಸಿ ತಂದೆ. ಈರುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಸುಟ್ಟೆ. ಸಣ್ಣ ಉರಿಯಲ್ಲಿ ಒಂದು ಗಂಟೆ ಇಟ್ಟು, ಚಮಚ ತಾಗಿದರೆ ಬಿಟ್ಟುಕೊಡುವ ಹಾಗೆ ಬೇಯಿಸಿದೆ. ಕೆನೆಯನ್ನು ಒಲೆ ಆರಿಸಿದ ಮೇಲೆ ಹಾಕಿದೆ. ಉಪ್ಪು ನೋಡಿದೆ, ಮೆಣಸು ನೋಡಿದೆ, ಎರಡು ಸಲ ರುಚಿ ನೋಡಿದೆ. ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯದು ಬಂದಿಲ್ಲ, ಇನ್ನು ಬರುವುದೂ ಇಲ್ಲ. ಬಿಸಿ ಬಿಸಿ ಬಡಿಸಿ ಎದುರಿಗೆ ಕೂತೆ.

ಅಮ್ಮ ತಿಂದಳು. ತಲೆ ಓರೆ ಮಾಡಿದಳು.

"ಕಹಿ ಕಮ್ಮಿ ಆಗಿದೆ."

"ಕಹಿ ಹಾಕಿಲ್ಲಮ್ಮ. ಇದು ಇರಬೇಕಾದ್ದೇ ಹೀಗೆ. ಇನ್ನೊಂದು ತುತ್ತು ತಿಂದು ನೋಡು."

"ಪುಸ್ತಕದಲ್ಲಿ ಎರಡು ಚಮಚ ಅಂತಿದೆಯಲ್ಲ."

ಹೇಳಿಬಿಟ್ಟೆ. ಸೀಮೆಎಣ್ಣೆಯ ಊಟ ತಿಂದು ನರಳಿದ ಮುದುಕನ ಕಥೆ, ನೋಟುಪುಸ್ತಕ, ಕರಡು ಪ್ರತಿ, ನಾಲ್ಕು ಗಂಟೆಯ ಫೋನು, ನಾನು ಬೇಕೆಂದೇ ಸುಮ್ಮನಿದ್ದದ್ದು, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ದನಿ ಏರಿತು. "ಅದು ಯಾರೂ ತಿನ್ನಬಾರದು ಅಂತ ಹಾಕೋದಮ್ಮ. ಆ ಪುಸ್ತಕದಲ್ಲಿರೋ ಅಡುಗೆಯೆಲ್ಲ ನಂದು. ತಪ್ಪೂ ನಂದೇ."

ಅಮ್ಮ ಚಮಚ ಕೆಳಗಿಟ್ಟಳು. ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದನ್ನೇ ನನಗೆ ತಡೆಯಲಾಗಲಿಲ್ಲ.

"ತಂಗಿ ಮೇಲೆ ಇಷ್ಟು ಹೊಟ್ಟೆಕಿಚ್ಚು ಒಳ್ಳೇದಲ್ಲ ಕಣೆ," ಅಂದಳು. ಪಕ್ಕದಲ್ಲೇ ಇದ್ದ ಪುಸ್ತಕ ತೆಗೆದು, ಗುರುತಿಗೆ ದಾರ ಇಟ್ಟಿದ್ದ ಪುಟ ಬಿಡಿಸಿ, ಆ ಸಾಲಿನ ಕೆಳಗೆ ಹೆಬ್ಬೆರಳು ಇಟ್ಟಳು. "ಅಚ್ಚಾಗಿದೆ, ನೋಡು. ಅಷ್ಟು ಜನ ಓದಿದ್ದಾರೆ, ದೊಡ್ಡ ದೊಡ್ಡವರು ತಿಂದಿದ್ದಾರೆ. ನೀನೊಬ್ಬಳು ಹೇಳಿದ್ರೆ ಸುಳ್ಳಾಗುತ್ತಾ? ಹೋಗು, ಹಾಕ್ಕೊಂಡು ಬಾ."

ಎದ್ದು ಹೋದೆ. ಕೆಲಸದ ಚೀಲ ಬಾಗಿಲ ಹಿಂದೆ ನೇತಾಡುತ್ತಿತ್ತು. ಡಬ್ಬಿ ತಂದು, ಅವಳು ನೋಡುತ್ತಿದ್ದ ಹಾಗೇ, ಪಾತ್ರೆಗೆ ಎರಡು ಚಮಚ ಹಾಕಿ ಕಲಸಿದೆ. ಅವಳಿಗೆ ಮತ್ತೆ ಬಡಿಸಿದೆ. ಮೊದಲ ತುತ್ತಿಗೆ ಅವಳ ಕತ್ತಿನ ನರ ಬಿಗಿಯಿತು, ಕಣ್ಣಿನ ಅಂಚಿನಲ್ಲಿ ನೀರು ಕಟ್ಟಿತು. ನೀರಿನ ಲೋಟ ಮುಂದೆ ತಳ್ಳಿದೆ, ಬೇಡವೆಂದು ಕೈ ಆಡಿಸಿದಳು. ಒಂದೊಂದೇ ತುತ್ತು, ನಿಧಾನವಾಗಿ, ಪೂರ್ತಿ ತಿಂದಳು. ತಟ್ಟೆಯನ್ನು ಬೆರಳಿನಿಂದ ಬಳಿದಳು. ಆಮೇಲೆ ನನ್ನ ಕಡೆ ನೋಡಿ, ನಾನು ಹುಟ್ಟಿದಾಗಿನಿಂದ ಕೇಳದ ಮಾತನ್ನು ಬಹಳ ಸಮಾಧಾನದಿಂದ ಹೇಳಿದಳು.

"ಇವತ್ತು ಏನೂ ಕಮ್ಮಿ ಇಲ್ಲ."